ಮಾತು ನಿಲ್ಲದಂತೆ ಓಡುವ ವಿದ್ಯೆ

ಶಾಲೆಯ ಕ್ರೀಡಾಕೂಟ ಹತ್ತಿರ ಬಂತೆಂದರೆ ಮೈದಾನದಲ್ಲಿ ಈ ದೃಶ್ಯ ಸಾಮಾನ್ಯ. ಸುಣ್ಣದ ಗೆರೆಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಲಾಗುತ್ತದೆ. ನೂರು ಮೀಟರ್ ಆಚೆ ಮೊದಲು ತಲುಪಿದ ಮೂವರ ಹೆಸರನ್ನು ಬರೆದುಕೊಳ್ಳಲಾಗುತ್ತದೆ. ಉಳಿದವರು ಚಪ್ಪಾಳೆ ತಟ್ಟುವ ಗುಂಪಿಗೆ ಸೇರುತ್ತಾರೆ. ‘ಓಟ ನನ್ನ ಕೈಲಾಗದ ಕೆಲಸ’ ಎಂಬ ತೀರ್ಮಾನ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಬೇರೂರುವುದು ಆ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ. ಮುಂದೆ ಅವರು ದೊಡ್ಡವರಾದ ಮೇಲೂ ಆ ತೀರ್ಮಾನ ಬದಲಾಗುವುದಿಲ್ಲ. ನಲವತ್ತು ದಾಟಿ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿಕೊಂಡು, ವೈದ್ಯರು ‘ಸ್ವಲ್ಪ ಮೈ ಆಡಿಸಿ’ ಎಂದಾಗಲೇ ಓಟದ ನೆನಪು ಬರುವುದು!

ನೂರು ಮೀಟರಿನಲ್ಲಿ ಹಿಂದೆ ಬಿದ್ದವರು ನಲವತ್ತೆರಡು ಕಿಲೋಮೀಟರ್ ಓಡಬಲ್ಲರೇ? ಓಡಬಲ್ಲರು ಎಂದು ತೋರಿಸಿಕೊಟ್ಟ ಒಂದು ಪಾಠಶಾಲೆಯಿದೆ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳ ಹೊನೊಲುಲು ನಗರದಲ್ಲಿ ಹೃದ್ರೋಗ ತಜ್ಞ ಡಾ. ಜ್ಯಾಕ್ ಸ್ಕಾಫ್ 1974ರಲ್ಲಿ ಆರಂಭಿಸಿದ ‘ಮ್ಯಾರಥಾನ್ ಕ್ಲಿನಿಕ್’ ಅದು. ಹೆಸರು ಕ್ಲಿನಿಕ್ ಆದರೂ ಅಲ್ಲಿ ಮಾತ್ರೆ ಇಲ್ಲ, ಸೂಜಿ ಇಲ್ಲ. ಇದ್ದದ್ದು ಒಂದು ಉದ್ಯಾನ, ಒಂದಷ್ಟು ಜನ, ಮತ್ತು ‘ನಿಧಾನವಾಗಿ ಓಡಿ’ ಎಂದು ಮತ್ತೆ ಮತ್ತೆ ಹೇಳುವ ವೈದ್ಯರು. ಈ ಪಾಠ ಹುಟ್ಟಿದ್ದು ಮಾತ್ರ ಅಲ್ಲಿಂದ ಬಹು ದೂರದ ನ್ಯೂಜಿಲೆಂಡಿನಲ್ಲಿ.

ಶೂ ಕಾರ್ಖಾನೆಯ ಗುರು

ಆಕ್ಲೆಂಡ್ ನಗರದ ಆರ್ಥರ್ ಲಿಡಿಯಾರ್ಡ್ ಹೊಟ್ಟೆಪಾಡಿಗೆ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ದೇಹಶಿಕ್ಷಣದ ಪದವಿ ಅವರಿಗಿರಲಿಲ್ಲ. ಯಾವ ರೀತಿಯ ಓಟದಿಂದ ದೇಹ ಗಟ್ಟಿಯಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ತಮ್ಮ ದೇಹದ ಮೇಲೆಯೇ ಪ್ರಯೋಗಿಸಿ ನೋಡಿದರು. ವೇಗದ ಓಟಕ್ಕೂ ಅಡಿಪಾಯ ನಿಧಾನದ ದೀರ್ಘ ಓಟವೇ ಎಂಬುದು ಅವರು ಕಂಡುಕೊಂಡ ಸತ್ಯ. ನೆರೆಹೊರೆಯ ಹುಡುಗರನ್ನು ಕಟ್ಟಿಕೊಂಡು ಗುಡ್ಡಗಳ ಹಾದಿಯಲ್ಲಿ ಮೂವತ್ತೈದು ಕಿ.ಮೀ. ಓಡಿಸತೊಡಗಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅದೇ ಹುಡುಗರ ಪೈಕಿ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲೂ ಮರ್ರೆ ಹಾಲ್ಬರ್ಗ್ 5000 ಮೀಟರ್ ಓಟದಲ್ಲೂ ಚಿನ್ನ ಗೆದ್ದರು. ಬ್ಯಾರಿ ಮಗೀ ಮ್ಯಾರಥಾನ್‌ನಲ್ಲಿ ಕಂಚು ಪಡೆದರು.

ಚಾಂಪಿಯನ್ನರಿಗೆ ಒಗ್ಗಿದ ಮದ್ದು ಸಾಮಾನ್ಯರಿಗೆ ಒಗ್ಗದೇ? ಈ ಪ್ರಶ್ನೆಗೆ ಉತ್ತರವಾಗಿ 1962ರಲ್ಲಿ ಆಕ್ಲೆಂಡಿನಲ್ಲಿ ಒಂದು ಜಾಗಿಂಗ್ ಸಂಘ ಹುಟ್ಟಿತು. ಹೃದಯದ ಕಾಯಿಲೆಯಿಂದ ಚೇತರಿಸಿಕೊಂಡವರು, ಬೊಜ್ಜು ಬಂದ ವ್ಯಾಪಾರಸ್ಥರು, ಮಧ್ಯವಯಸ್ಸಿನ ಗೃಹಸ್ಥರು ಒಟ್ಟಾಗಿ ಓಡತೊಡಗಿದರು. ಸ್ಪರ್ಧೆ ಇಲ್ಲ, ಗಡಿಯಾರವಿಲ್ಲ. ‘ಅಭ್ಯಾಸವಿರಲಿ, ಆಯಾಸ ಬೇಡ’ ಎಂಬುದೇ ಲಿಡಿಯಾರ್ಡ್ ಉಪದೇಶದ ಸಾರ.

ಹೆದರಿದ ಕೋಚ್

ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಓಟದ ತರಬೇತುದಾರ ಬಿಲ್ ಬವರ್ಮನ್ ನ್ಯೂಜಿಲೆಂಡಿಗೆ ಬಂದರು. ಆಗ ಅವರಿಗೆ ಐವತ್ತೊಂದು ವರ್ಷ. ಒಂದು ಭಾನುವಾರ ಈ ಸಂಘದವರೊಡನೆ ಓಡಲು ಹೋದ ಅವರು ಸ್ವಲ್ಪ ದೂರದಲ್ಲೇ ಏದುಸಿರು ಬಿಡುತ್ತ ಹಿಂದುಳಿದರು. ಅವರಿಗೆ ಜೊತೆಯಾಗಿ ನಿಂತವರು ಎಪ್ಪತ್ತು ದಾಟಿದ ಒಬ್ಬ ವೃದ್ಧರು. ಮೂರು ಬಾರಿ ಹೃದಯಾಘಾತವಾಗಿದ್ದ ಆ ಹಿರಿಯರು ದಾರಿಯುದ್ದಕ್ಕೂ ಹರಟುತ್ತ ಓಡುತ್ತಿದ್ದರೆ, ಓಟ ಕಲಿಸುವುದೇ ಕಸುಬಾಗಿದ್ದ ಬವರ್ಮನ್‌ಗೆ ಮಾತೇ ಹೊರಡುತ್ತಿರಲಿಲ್ಲ!

ಊರಿಗೆ ಮರಳಿದ ಬವರ್ಮನ್ 1963ರ ಆರಂಭದಲ್ಲಿ ಯೂಜೀನ್ ಪಟ್ಟಣದ ಹೇವರ್ಡ್ ಮೈದಾನಕ್ಕೆ ಸಾರ್ವಜನಿಕರನ್ನು ಆಹ್ವಾನಿಸಿದರು. ಮೊದಲು ಬಂದವರು ಕೆಲವೇ ಮಂದಿ. ಆದರೆ ವಾರದಿಂದ ವಾರಕ್ಕೆ ಜನ ಏರಿದ ರಭಸ ಕಂಡು ಸ್ವತಃ ಬವರ್ಮನ್ ಹೆದರಿದರು. ಎಂದೂ ಓಡದ ಇಷ್ಟು ಜನರಲ್ಲಿ ಯಾರಿಗಾದರೂ ಎದೆನೋವು ಬಂದು ಪ್ರಾಣ ಹೋದರೆ? ಅವರು ಅಲ್ಲಿಗೇ ಓಟ ನಿಲ್ಲಿಸಿ, ಹೃದ್ರೋಗ ತಜ್ಞ ಡಾ. ವಾಲ್ಡೊ ಹ್ಯಾರಿಸ್ ಅವರ ಸಹಾಯ ಕೋರಿದರು. ಇಬ್ಬರೂ ಸೇರಿ ಸಣ್ಣ ಗುಂಪುಗಳ ಮೇಲೆ ಪರೀಕ್ಷಿಸಿ, ನಡಿಗೆಯಿಂದ ಓಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವೊಂದನ್ನು ರೂಪಿಸಿದರು. 1967ರಲ್ಲಿ ಪ್ರಕಟವಾದ ಅವರ ‘ಜಾಗಿಂಗ್’ ಪುಸ್ತಕ ಲಕ್ಷಾಂತರ ಪ್ರತಿ ಮಾರಾಟವಾಯಿತು. ಉತ್ಸಾಹಕ್ಕೆ ವೈದ್ಯಕೀಯ ಎಚ್ಚರ ಜೊತೆಯಾದದ್ದು ಹೀಗೆ.

ಉದ್ಯಾನದಲ್ಲೊಂದು ತರಗತಿ

ಹೊನೊಲುಲುವಿನಲ್ಲಿ ಮೊದಲ ಮ್ಯಾರಥಾನ್ ನಡೆದದ್ದು 1973ರ ಡಿಸೆಂಬರಿನಲ್ಲಿ. ಓಡಿದವರು ಇನ್ನೂರಕ್ಕಿಂತ ಕಡಿಮೆ. ಮರುವರ್ಷವೇ ಡಾ. ಸ್ಕಾಫ್ ತಮ್ಮ ಕ್ಲಿನಿಕ್ ಶುರು ಮಾಡಿದರು. ವೈಕೀಕಿ ಕಡಲತೀರದ ಪಕ್ಕ, ಡೈಮಂಡ್ ಹೆಡ್ ಎಂಬ ಆರಿದ ಜ್ವಾಲಾಮುಖಿಯ ತಪ್ಪಲಿನಲ್ಲಿರುವ ಕಪಿಯೊಲಾನಿ ಉದ್ಯಾನವೇ ತರಗತಿ. ಭಾನುವಾರ ಬೆಳಿಗ್ಗೆ ಜನ ಸೇರಬೇಕು. ಮೊದಲು ಸ್ವಲ್ಪ ಹೊತ್ತು ಪಾಠ, ಆಮೇಲೆ ಅವರವರ ವೇಗಕ್ಕೆ ತಕ್ಕ ಗುಂಪಿನಲ್ಲಿ ಓಟ. ವರ್ಷದ ಆರಂಭದಲ್ಲಿ ನಡಿಗೆ ಬೆರೆಸಿದ ಓಟದಿಂದ ತೊಡಗಿದವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಡಿಸೆಂಬರಿನ ಮ್ಯಾರಥಾನಿಗೆ ಅಣಿಯಾಗುತ್ತಿದ್ದರು.

ಆ ಮ್ಯಾರಥಾನಿನ ಒಂದು ನಿಯಮ ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಇಷ್ಟೇ ಗಂಟೆಯಲ್ಲಿ ಮುಗಿಸಬೇಕೆಂಬ ಗಡುವು ಅಲ್ಲಿಲ್ಲ. ಬೆಳಗಿನ ಜಾವ ಐದಕ್ಕೆ ಕತ್ತಲಲ್ಲಿ ಹೊರಟವರು ಸಂಜೆಯಾದರೂ ಗುರಿ ಮುಟ್ಟಬಹುದು. 1995ರಲ್ಲಿ ಅಲ್ಲಿ ಗುರಿ ಮುಟ್ಟಿದವರ ಸಂಖ್ಯೆ 27 ಸಾವಿರ!

ಮಾತಿನ ಪರೀಕ್ಷೆ

ಸ್ಕಾಫ್ ಕಲಿಸಿದ ಮುಖ್ಯ ಪಾಠ ‘ಮಾತಿನ ಪರೀಕ್ಷೆ’. ಓಡುತ್ತಿರುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗುತ್ತಿದೆಯೇ? ಹಾಗಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿದೆಯೇ? ವೇಗ ತಗ್ಗಿಸಿ, ಬೇಕಾದರೆ ನಡೆಯಿರಿ. ಇದಕ್ಕೆ ಯಾವ ಉಪಕರಣವೂ ಬೇಡ. ಪಕ್ಕದಲ್ಲಿ ಒಬ್ಬ ಗೆಳೆಯನಿದ್ದರೆ ಸಾಕು.

ಇಷ್ಟು ಸರಳವಾದ ಪರೀಕ್ಷೆಯ ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರವಿದೆ. ನಿಧಾನವಾಗಿ ಓಡುವಾಗ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕವನ್ನು ರಕ್ತ ಒದಗಿಸುತ್ತದೆ. ವೇಗ ಒಂದು ಮಿತಿಯನ್ನು ಮೀರಿದಾಗ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಾಗುವ ಪ್ರಮಾಣ, ಅದು ಖರ್ಚಾಗುವ ಪ್ರಮಾಣಕ್ಕಿಂತ ಹೆಚ್ಚುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟ್ ಈ ಆಮ್ಲೀಯತೆಯನ್ನು ತಗ್ಗಿಸಲು ಮುಂದಾದಾಗ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಬಿಡುಗಡೆಯಾಗುತ್ತದೆ. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದಾಗ ನೊರೆ ಉಕ್ಕುವುದಿಲ್ಲವೇ, ಅದೇ ಬಗೆಯ ಕ್ರಿಯೆ! ಈ ಅನಿಲವನ್ನು ಹೊರಹಾಕಲು ಮೆದುಳು ಉಸಿರಾಟವನ್ನು ಜೋರು ಮಾಡುತ್ತದೆ. ಮಾತಿಗೆ ಉಳಿಯುವ ಉಸಿರು ಎಲ್ಲಿಂದ ಬಂದೀತು? ಆದ್ದರಿಂದ ಮಾತು ತುಂಡಾಗತೊಡಗಿದರೆ ದೇಹ ಎಚ್ಚರಿಕೆಯ ಗಂಟೆ ಬಾರಿಸುತ್ತಿದೆ ಎಂದೇ ಅರ್ಥ.

ನಿಧಾನದ ಓಟದಿಂದ ಏನು ಲಾಭ? 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹಾಲಸ್ಜಿ ಇಲಿಗಳನ್ನು ಕೆಲವು ವಾರಗಳ ಕಾಲ ಓಡಿಸಿ ಪರೀಕ್ಷಿಸಿದರು. ಅವುಗಳ ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಾಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿಗೃಹ ಎಂಬುದನ್ನು ಪಠ್ಯದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇದರ ಮಹತ್ವ ತಿಳಿದೀತು. ನಿಯಮಿತವಾದ ಓಟದಿಂದ ಸ್ನಾಯುಗಳಲ್ಲಿ ಹೊಸ ಲೋಮನಾಳಗಳೂ ಬೆಳೆಯುತ್ತವೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ಪಂಪು ಮಾಡಲು ಕಲಿಯುತ್ತದೆ. ಅಂದರೆ ಸಾಮರ್ಥ್ಯ ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಬೆಳೆಸಿಕೊಳ್ಳುವಂಥದ್ದು ಕೂಡ.

ಆದರೆ ಒಂದು ತೊಡಕಿದೆ. ಹೃದಯ ಮತ್ತು ಸ್ನಾಯುಗಳು ಕೆಲವು ವಾರಗಳಲ್ಲೇ ಸುಧಾರಿಸುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮ್ಯಾರಥಾನ್ ಓಟಗಾರ ಇಡುವ ಹೆಜ್ಜೆಗಳು ಸುಮಾರು 40 ಸಾವಿರ. ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ‘ಉಸಿರು ಸುಲಭವಾಯಿತು, ಇನ್ನು ದೂರವನ್ನು ಇಮ್ಮಡಿಗೊಳಿಸೋಣ’ ಎಂದು ಆತುರಪಟ್ಟವರೇ ಮೊಣಕಾಲಿನ ಕೆಳಗೆ ನೋವು, ಮೂಳೆ ಬಿರುಕು ಎಂದು ಆಸ್ಪತ್ರೆ ಸೇರುವುದು. ತರಬೇತಿಗೆ ತಿಂಗಳುಗಟ್ಟಲೆ ಹಿಡಿಯುವುದು ಇದಕ್ಕಾಗಿಯೇ.

ಮೂವತ್ತನೇ ಕಿಲೋಮೀಟರಿನ ಗೋಡೆ

ಮ್ಯಾರಥಾನಿನ ದೂರ 42.195 ಕಿ.ಮೀ. ಈ ವಿಚಿತ್ರ ಅಂಕಿ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಓಟಗಾರರ ಬಾಯಲ್ಲಿ ‘ಗೋಡೆ’ ಎಂಬ ಮಾತು ಕೇಳಿಬರುತ್ತದೆ. ಮೂವತ್ತು ಕಿ.ಮೀ. ದಾಟುವಾಗ ಎದುರಿಗೆ ಗೋಡೆಯೇ ಅಡ್ಡ ನಿಂತಂತೆ ಕಾಲುಗಳು ಸೋಲುತ್ತವೆ. ಅದು ಅಲ್ಲೇ ಯಾಕೆ ಬರಬೇಕು? ಚಿಕ್ಕ ಲೆಕ್ಕವೊಂದರಿಂದ ಉತ್ತರ ಸಿಗುತ್ತದೆ.

ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 1 ಕಿಲೋಕ್ಯಾಲರಿ ಶಕ್ತಿ ಬೇಕು. 60 ಕಿಲೋ ತೂಕದವರು 42 ಕಿ.ಮೀ. ಓಡಿದರೆ ಖರ್ಚು ಸುಮಾರು 2500 ಕಿಲೋಕ್ಯಾಲರಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ ಅರ್ಧ ಕಿಲೋ; ಅದರಿಂದ ಸಿಗುವ ಶಕ್ತಿ ಸುಮಾರು 2000 ಕಿಲೋಕ್ಯಾಲರಿ. ಅಂದರೆ ಸಕ್ಕರೆಯನ್ನೇ ನಂಬಿ ಓಡಿದರೆ ಮೂವತ್ತು ಮೂವತ್ತೆರಡು ಕಿಲೋಮೀಟರಿಗೆ ಉಗ್ರಾಣ ಬರಿದು!

ಕೊಬ್ಬಿನ ಸಂಗತಿ ಬೇರೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಿಲೋಕ್ಯಾಲರಿ ಅಡಗಿದೆ. ಗ್ಲೈಕೋಜನ್ ಜೇಬಿನಲ್ಲಿರುವ ಚಿಲ್ಲರೆಯಾದರೆ ಕೊಬ್ಬು ಬ್ಯಾಂಕಿನಲ್ಲಿಟ್ಟ ಠೇವಣಿ. ಚಿಲ್ಲರೆ ತಕ್ಷಣ ಕೈಗೆ ಸಿಗುತ್ತದೆ. ಠೇವಣಿ ತೆಗೆಯಲು ಸಾಲಿನಲ್ಲಿ ನಿಲ್ಲಬೇಕು. ವೇಗವಾಗಿ ಓಡುವವರಿಗೆ ನಿಲ್ಲುವ ವ್ಯವಧಾನವಿಲ್ಲ, ಚಿಲ್ಲರೆಯೆಲ್ಲ ಬೇಗ ಖಾಲಿ. ಮಾತಾಡುತ್ತ ಓಡುವವರ ದೇಹ ಎರಡನ್ನೂ ಬೆರೆಸಿ ಬಳಸುತ್ತದೆ. ವಾರಕ್ಕೊಮ್ಮೆ ಮಾಡುವ ದೀರ್ಘ ಓಟದ ಉದ್ದೇಶ ದೇಹಕ್ಕೆ ಈ ಮಿತವ್ಯಯ ಕಲಿಸುವುದೇ. ಸ್ಪರ್ಧೆಯ ದಿನ ಮೊದಲ ಹತ್ತು ಕಿ.ಮೀ. ಉತ್ಸಾಹದಲ್ಲಿ ಓಡಿ ಗಳಿಸಿದ ಐದು ನಿಮಿಷಕ್ಕೆ, ಕೊನೆಯ ಹತ್ತು ಕಿಲೋಮೀಟರಿನಲ್ಲಿ ಅರ್ಧ ಗಂಟೆಯ ಬಡ್ಡಿ ಕಟ್ಟಬೇಕಾದೀತು.

ನೀರು: ಕಡಿಮೆಯೂ ಕಷ್ಟ, ಹೆಚ್ಚೂ ಕಷ್ಟ

ಓಡುವಾಗ ಉತ್ಪತ್ತಿಯಾಗುವ ಶಕ್ತಿಯ ಬಹುಪಾಲು ಶಾಖವಾಗಿ ಪರಿಣಮಿಸುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಬೆವರು ಸುರಿದರಷ್ಟೇ ಸಾಲದು, ಆವಿಯಾಗಬೇಕು. ನಮ್ಮ ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಗಾಳಿಯ ತೇವಾಂಶ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಅಲ್ಲಿ ಓಡುವವರು ವೇಗ ತಗ್ಗಿಸಿ, ಸೂರ್ಯ ಏರುವ ಮೊದಲೇ ಓಟ ಮುಗಿಸುವುದು ಲೇಸು.

ಹಾಗೆಂದು ಸಿಕ್ಕಲ್ಲೆಲ್ಲ ನೀರು ಕುಡಿಯುತ್ತ ಹೋಗುವುದೂ ಅಪಾಯ. ಅತಿಯಾದ ನೀರು ರಕ್ತದ ಸೋಡಿಯಂ ಪ್ರಮಾಣವನ್ನು ತೆಳುವಾಗಿಸುತ್ತದೆ. ಮೆದುಳಿನ ಕೋಶಗಳು ಊದಿಕೊಂಡು ತಲೆನೋವು, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಇಳಿದಿತ್ತು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದೇ ಓಟದಲ್ಲಿ ಯುವತಿಯೊಬ್ಬರು ಈ ಕಾರಣದಿಂದಲೇ ಅಸುನೀಗಿದರು. ಬಾಯಾರಿದಾಗ ಕುಡಿಯಿರಿ, ಬಾಯಾರಿದಷ್ಟು ಕುಡಿಯಿರಿ ಎಂಬುದೇ ಇಂದಿನ ತಿಳಿವಳಿಕೆ.

ಓಡುವವರಿಗೆ ಹೃದಯದ ಭಯವಿಲ್ಲವೇ?

1970ರ ದಶಕದಲ್ಲಿ, ಮ್ಯಾರಥಾನ್ ಮುಗಿಸಿದವರಿಗೆ ಹೃದಯಾಘಾತ ಆಗುವುದೇ ಇಲ್ಲ ಎಂದು ವಾದಿಸಿದ ವೈದ್ಯರೂ ಇದ್ದರು. ಆ ವಾದ ನಿಲ್ಲಲಿಲ್ಲ. ಓಟದ ಬಗ್ಗೆ ಜನಪ್ರಿಯ ಪುಸ್ತಕ ಬರೆದ ಜಿಮ್ ಫಿಕ್ಸ್ 1984ರಲ್ಲಿ, 52ನೇ ವಯಸ್ಸಿನಲ್ಲಿ, ಓಡುತ್ತಿದ್ದಾಗಲೇ ಕುಸಿದು ತೀರಿಕೊಂಡರು. ಅವರ ತಂದೆ 43ರಲ್ಲೇ ಹೃದಯದ ಕಾಯಿಲೆಗೆ ಬಲಿಯಾಗಿದ್ದರು. ಓಟ ಹೃದಯಕ್ಕೆ ಹಿತ ಎಂಬುದು ನಿಜ. ಅದು ರಕ್ಷಾಕವಚವಲ್ಲ ಎಂಬುದೂ ಅಷ್ಟೇ ನಿಜ. ಮನೆಯಲ್ಲಿ ಹೃದ್ರೋಗದ ಇತಿಹಾಸವಿದ್ದವರು, ಓಡುವಾಗ ಎದೆಯಲ್ಲಿ ಬಿಗಿತ ಅಥವಾ ತಲೆಸುತ್ತು ಬಂದವರು, ನಲವತ್ತು ದಾಟಿ ಹೊಸದಾಗಿ ಓಡಲು ಹೊರಟವರು ಮೊದಲು ವೈದ್ಯರನ್ನು ಕಾಣಲೇಬೇಕು. ಮಕ್ಕಳಲ್ಲೂ ಆಡುವಾಗ ಎಚ್ಚರ ತಪ್ಪಿ ಬೀಳುವುದನ್ನು ‘ಬಿಸಿಲಿಗೆ ತಲೆ ತಿರುಗಿತು’ ಎಂದು ತಳ್ಳಿಹಾಕಬಾರದು.

ಮಕ್ಕಳು ಮ್ಯಾರಥಾನ್ ಓಡಬೇಕೇ?

2006ರ ಮೇ ತಿಂಗಳಲ್ಲಿ ಒಡಿಶಾದ ನಾಲ್ಕು ವರ್ಷದ ಬಾಲಕನೊಬ್ಬನನ್ನು ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿ.ಮೀ. ಓಡಿಸಲಾಯಿತು. ಬೀದಿಯ ಇಕ್ಕೆಲಗಳಲ್ಲಿ ಜನ ಜೈಕಾರ ಹಾಕಿದರು. ವೈದ್ಯರು ಪರೀಕ್ಷಿಸಿದಾಗ ಮಗುವಿಗೆ ಅಪೌಷ್ಟಿಕತೆ ಮತ್ತು ರಕ್ತಹೀನತೆ ಇರುವುದು ತಿಳಿಯಿತು. ಸರಕಾರ ಆತನ ದೂರದ ಓಟಗಳನ್ನು ತಡೆಯಬೇಕಾಯಿತು. ದೊಡ್ಡವರ ಹೆಮ್ಮೆಯ ಹಸಿವಿಗೆ ಮಗುವಿನ ಮೂಳೆಗಳು ಬೆಲೆ ತೆರಬೇಕೇ?

ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದಲೇ. ಗಟ್ಟಿಯಾದ ಮೂಳೆಗಿಂತ ಅದು ಮೆತ್ತಗಿರುವುದರಿಂದ ಸಾವಿರಾರು ಬಾರಿ ಬೀಳುವ ಒಂದೇ ಬಗೆಯ ಪೆಟ್ಟಿಗೆ ಬೇಗ ಘಾಸಿಗೊಳ್ಳಬಹುದು. ಲಂಡನ್, ನ್ಯೂಯಾರ್ಕ್, ಮುಂಬಯಿ ಮ್ಯಾರಥಾನ್‌ಗಳಲ್ಲಿ ಪೂರ್ಣ ದೂರ ಓಡಲು 18 ವರ್ಷ ತುಂಬಿರಬೇಕು. ಹಾಗಾಗಿ ಪ್ರೌಢಶಾಲೆಯ ವಿದ್ಯಾರ್ಥಿಗಳು 42 ಕಿಲೋಮೀಟರಿನ ಕನಸನ್ನು ಜೋಪಾನವಾಗಿ ಕಾಯ್ದಿರಿಸಿಕೊಳ್ಳಲಿ.

ಆದರೆ ಕ್ಲಿನಿಕ್ಕಿನ ಪಾಠಕ್ಕೆ ವಯಸ್ಸಿನ ಮಿತಿಯಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಖೋಖೋ, ಕಬಡ್ಡಿ, ಸೈಕಲ್ ತುಳಿಯುವುದು, ಮಾತಾಡುತ್ತ ಎರಡು ಮೂರು ಕಿ.ಮೀ. ಓಡುವುದು, ಎಲ್ಲವೂ ಅದರಲ್ಲಿ ಸೇರುತ್ತವೆ. ಶಾಲೆಗಳು ನೂರು ಮೀಟರಿನ ಜೊತೆಗೆ, ವಾರಕ್ಕೊಮ್ಮೆ ಎಲ್ಲ ಮಕ್ಕಳೂ ನಿಲ್ಲದೆ ಇಪ್ಪತ್ತು ನಿಮಿಷ ನಿಧಾನವಾಗಿ ಓಡುವ ರೂಢಿ ಬೆಳೆಸಿದರೆ, ಚಪ್ಪಾಳೆ ತಟ್ಟುವ ಗುಂಪಿನಿಂದಲೂ ಎಷ್ಟೋ ಓಟಗಾರರು ಎದ್ದು ಬಂದಾರು. ಖರ್ಚು ಏನೂ ಇಲ್ಲ, ಸೋಲುವವರೂ ಇಲ್ಲ.

ಮುಂಬಯಿಯಲ್ಲಿ 2004ರಿಂದ ಮ್ಯಾರಥಾನ್, ಬೆಂಗಳೂರಿನಲ್ಲಿ 2008ರಿಂದ 10 ಕಿ.ಮೀ. ಓಟ ಆರಂಭವಾದ ಮೇಲೆ ನಮ್ಮಲ್ಲೂ ಗುಂಪಾಗಿ ಓಡುವವರು ಹೆಚ್ಚಿದ್ದಾರೆ. ಕಬ್ಬನ್ ಪಾರ್ಕಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಕಾಣುವವರಲ್ಲಿ ಪದಕ ಗೆಲ್ಲಲು ಹೊರಟವರು ಎಷ್ಟು ಮಂದಿ? ಹೆಂಗಸರಿಗೆ ಇಷ್ಟು ದೂರ ಓಡುವ ತ್ರಾಣವಿಲ್ಲ ಎಂದು ನಂಬಿದ್ದ ಜಗತ್ತು ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನಿಗೆ ಅವಕಾಶ ಕೊಟ್ಟದ್ದು 1984ರಲ್ಲಿ. ಇಂದು ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ತೊಟ್ಟು ಬಿರುಸಾಗಿ ನಡೆಯುವ ಅಮ್ಮಂದಿರನ್ನು ಯಾವ ಊರಿನ ಮೈದಾನದಲ್ಲೂ ನೋಡಬಹುದು.

ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿದ್ದ ಗ್ಲಾಡಿಸ್ ಬರಿಲ್ ತಮ್ಮ ಮೊದಲ ಮ್ಯಾರಥಾನ್ ಮುಗಿಸಿದ್ದು 2004ರಲ್ಲಿ, 86ನೇ ವಯಸ್ಸಿನಲ್ಲಿ. 2010ರ ಡಿಸೆಂಬರಿನಲ್ಲಿ ಅದೇ ಹೊನೊಲುಲುವಿನಲ್ಲಿ 92 ವರ್ಷದ ಈ ಅಜ್ಜಿ 9 ಗಂಟೆ 53 ನಿಮಿಷಗಳಲ್ಲಿ ಗುರಿ ಮುಟ್ಟಿ ಗಿನ್ನೆಸ್ ದಾಖಲೆಗೆ ಸೇರಿದರು. ಗಡುವು ಇದ್ದಿದ್ದರೆ ಅವರನ್ನು ಅರ್ಧ ದಾರಿಯಲ್ಲೇ ಬಸ್ಸು ಹತ್ತಿಸಿಬಿಡುತ್ತಿದ್ದರೋ ಏನೋ!

ಹೊಸಬರಿಗೆ ಕೆಲವು ಸೂತ್ರಗಳು

* ಮೊದಲ ಕೆಲವು ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಟದ ಪಾಲು ನಿಧಾನವಾಗಿ ಹೆಚ್ಚಲಿ.

* ವಾರಕ್ಕೆ ಮೂರು ನಾಲ್ಕು ದಿನ ಸಾಕು. ದೇಹ ಗಟ್ಟಿಯಾಗುವುದು ವಿಶ್ರಾಂತಿಯ ದಿನಗಳಲ್ಲೇ.

* ಮಾತು ತುಂಡಾದರೆ ವೇಗ ತಗ್ಗಿಸಿ. ಒಂಟಿಯಾಗಿ ಓಡುವವರು ಮಗ್ಗಿ ಹೇಳಿಕೊಂಡು ಪರೀಕ್ಷಿಸಿಕೊಳ್ಳಬಹುದು.

* ವಾರದ ಒಟ್ಟು ದೂರವನ್ನು ಒಮ್ಮೆಲೇ ಏರಿಸಬೇಡಿ. ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಳ ಸಾಕೆಂಬುದು ರೂಢಿಯ ಲೆಕ್ಕ.

* ಸ್ಪರ್ಧೆಗೆ ಎರಡು ಮೂರು ವಾರ ಇರುವಾಗ ಓಟ ಕಡಿಮೆ ಮಾಡಿ.

* ಸ್ಪರ್ಧೆಯ ದಿನ ಹೊಸ ಶೂ, ಹೊಸ ಕಾಲುಚೀಲ, ಹೊಸ ತಿಂಡಿ ಯಾವುದೂ ಬೇಡ.

* ಒಂದೇ ಜಾಗದಲ್ಲಿ ದಿನೇ ದಿನೇ ಹೆಚ್ಚುವ ನೋವನ್ನು ಸಹಿಸಿಕೊಂಡು ಓಡುವುದು ಶೌರ್ಯವಲ್ಲ. ನಿಲ್ಲಿಸಿ, ವೈದ್ಯರಿಗೆ ತೋರಿಸಿ.

* ಜ್ವರವಿದ್ದಾಗ ಓಡಬೇಡಿ.

* ಸಾಧ್ಯವಾದರೆ ಜೊತೆಗಾರರೊಡನೆ ಓಡಿ. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಹೊರಟರೆ ವೇಗ ಎಲ್ಲರಿಗಿಂತ ನಿಧಾನವಾಗಿ ಓಡುವವರದ್ದೇ ಇರಲಿ.